ಒಂದೇ ವೇಳಾಪಟ್ಟಿ, ನಾಲ್ಕು ಪೈ ನಕ್ಷೆ: ಸಾರ್ವಜನಿಕ ಟಿ.ವಿ.ಯಲ್ಲಿ ಧಾರ್ಮಿಕ ಕಾರ್ಯಕ್ರಮಗಳನ್ನು ಎಣಿಸಿದ ಗಣಿತ ಪಾಠ

ತರಗತಿ: 8
ವಿಷಯ: ಗಣಿತ
ಘಟಕ: ದತ್ತಾಂಶಗಳ ನಿರ್ವಹಣೆ (ಪೈ ನಕ್ಷೆ)
ಅವಧಿ: 40 ನಿಮಿಷದ ಎರಡು ಪಿರಿಯಡ್
ಶಾಲೆ: ಕಲಬುರಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ

ಪೈ ನಕ್ಷೆಗೆಂದು ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆಗಳಲ್ಲಿ ಒಂದು ಅನುಕೂಲವಿದೆ. ಅಲ್ಲಿ ವರ್ಗಗಳು ಸಿದ್ಧವಾಗಿಯೇ ಬರುತ್ತವೆ. ಇಷ್ಟದ ಆಟ ಯಾವುದು, ಇಷ್ಟದ ಐಸ್‌ಕ್ರೀಮ್ ಯಾವುದು, ದಿನದಲ್ಲಿ ಎಷ್ಟು ಗಂಟೆ ನಿದ್ರೆ, ಎಷ್ಟು ಗಂಟೆ ಓದು. ಕಬಡ್ಡಿ ಕಬಡ್ಡಿಯ ಕೆಳಗೆ ಹೋಗುತ್ತದೆ, ಖೋ ಖೋ ಖೋ ಖೋದ ಕೆಳಗೆ ಹೋಗುತ್ತದೆ, ಯಾರೂ ಜಗಳ ಮಾಡುವುದಿಲ್ಲ. ಮಕ್ಕಳು ಸೂತ್ರ ಹಾಕಿ, ಕೋನಮಾಪಕ ಇಟ್ಟು, ಬಣ್ಣ ತುಂಬಿ ಮುಗಿಸುತ್ತಾರೆ. ದತ್ತಾಂಶವನ್ನು ವರ್ಗೀಕರಿಸುವುದು ಎಂಬ ಮೊದಲ ಮತ್ತು ಕಷ್ಟದ ಹೆಜ್ಜೆಯನ್ನು ಪುಸ್ತಕವೇ ಅವರ ಪರವಾಗಿ ಮಾಡಿಟ್ಟಿರುತ್ತದೆ. ಯಾವುದು ಯಾವ ಗುಂಪಿಗೆ ಸೇರಬೇಕು ಎಂಬುದರಲ್ಲೇ ತಕರಾರು ಇರುವಂಥ ದತ್ತಾಂಶ ನನಗೆ ಬೇಕಿತ್ತು. ಅದಕ್ಕಾಗಿ ಆರಿಸಿಕೊಂಡ ಪ್ರಶ್ನೆ ಇದು: ಎಲ್ಲರ ಹಣದಿಂದ ನಡೆಯುವ ಒಂದು ಟಿ.ವಿ. ವಾಹಿನಿಯಲ್ಲಿ ಧಾರ್ಮಿಕ ಕಾರ್ಯಕ್ರಮಗಳ ಪಾಲು ಎಷ್ಟು?

ಪಾಠಯೋಜನೆ ತೋರಿಸಿದಾಗ ಶಾಲೆಯ ಮಾರ್ಗದರ್ಶಿ ಶಿಕ್ಷಕಿಯವರು ಕೇಳಿದ್ದು ಒಂದೇ ಮಾತು. "ಗಣಿತದ ಪಿರಿಯಡ್‌ನಾಗ ಇದು ಬೇಕೇನಮ್ಮಾ?" ಅವರ ಆತಂಕಕ್ಕೆ ಕಾರಣವಿತ್ತು. ತರಗತಿಯಲ್ಲಿ 38 ಮಕ್ಕಳು, ಹಲವು ಧರ್ಮದವರು. ಮಾತು ಎತ್ತಲೋ ಹೊರಳಿದರೆ ಮರುದಿನ ಪಾಲಕರು ಗೇಟಿನ ಬಳಿ ನಿಂತಿರುತ್ತಾರೆ. ಇಬ್ಬರೂ ಕೂತು ಎರಡು ನಿಯಮ ಮಾಡಿಕೊಂಡೆವು. ಒಂದು, ಯಾವ ಮಗುವನ್ನೂ "ನಿಮ್ಮ ಧರ್ಮದಲ್ಲಿ ಹೇಗೆ?" ಎಂದು ಕೇಳಬಾರದು, ಹದಿಮೂರು ವರ್ಷದ ಹುಡುಗಿ ಒಂದು ಸಮುದಾಯದ ವಕ್ತಾರಳಲ್ಲ. ಎರಡು, ಬಳಸುವ ವೇಳಾಪಟ್ಟಿ ಕಲ್ಪಿತವಾಗಿರಬೇಕು, ಯಾವ ನಿಜವಾದ ವಾಹಿನಿಯದೂ ಆಗಿರಬಾರದು. ಎರಡನೆಯ ನಿಯಮ ನನಗೆ ಗಣಿತದ ದೃಷ್ಟಿಯಿಂದಲೂ ಅನುಕೂಲವಾಯಿತು. ಹನ್ನೆರಡು ಗಂಟೆಯ ವೇಳಾಪಟ್ಟಿ ಎಂದರೆ 720 ನಿಮಿಷ. 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಸರಿಯಾಗಿ ಎರಡು ನಿಮಿಷ.

ರಟ್ಟಿನ ಕಾರ್ಡುಗಳ ಮೇಲೆ ಕಾರ್ಯಕ್ರಮಗಳನ್ನು ಬರೆದೆ. ಬೆಳಗಿನ ಭಕ್ತಿಗೀತೆ 30 ನಿಮಿಷ. ವಚನ ಮತ್ತು ದಾಸರ ಪದಗಳ ಗಾಯನ 30. ಯೋಗಾಸನ 30. ಪುರಾಣದ ಧಾರಾವಾಹಿ 60. ಜಾತ್ರೆಯ ತೇರಿನ ನೇರಪ್ರಸಾರ 90. ದೇವಾಲಯಗಳ ವಾಸ್ತುಶಿಲ್ಪದ ಸಾಕ್ಷ್ಯಚಿತ್ರ 30. ಇವಲ್ಲದೆ ವಾರ್ತೆ 120, ಶಾಲಾ ಪಾಠಗಳು 120, ಕೃಷಿ 60, ಆರೋಗ್ಯ ಮತ್ತು ವಿಜ್ಞಾನ 60, ಚಿತ್ರಗೀತೆ ಮತ್ತು ರಸಪ್ರಶ್ನೆ 90. ನಾಲ್ಕು ಗುಂಪುಗಳಿಗೂ ಇದೇ ಕಾರ್ಡುಗಳ ಒಂದೊಂದು ಕಟ್ಟು ಕೊಟ್ಟು ಹೇಳಿದ್ದು ಇಷ್ಟೆ: "ಧಾರ್ಮಿಕ ಕಾರ್ಯಕ್ರಮ ಅನ್ನೋದು ಯಾವ್ಯಾವುದು ಅಂತ ನೀವೇ ತೀರ್ಮಾನ ಮಾಡಿ ಪೈ ನಕ್ಷೆ ಬರೀರಿ. ಯಾಕೆ ಹಾಗೆ ತೀರ್ಮಾನ ಮಾಡಿದಿರಿ ಅಂತ ಪಕ್ಕದಲ್ಲಿ ಒಂದು ವಾಕ್ಯ ಬರೀರಿ."

ಇಪ್ಪತ್ತು ನಿಮಿಷದ ನಂತರ ಕಪ್ಪುಹಲಗೆಯ ಮೇಲೆ ನಾಲ್ಕು ಹಾಳೆ ಅಂಟಿಸಿದೆವು. ಮೊದಲ ಗುಂಪು ಭಕ್ತಿಗೀತೆ ಮತ್ತು ತೇರು ಎರಡನ್ನೇ ಸೇರಿಸಿತ್ತು: 120 ನಿಮಿಷ, 60 ಡಿಗ್ರಿ. ಎರಡನೆಯದು ಅವುಗಳ ಜೊತೆಗೆ ಪುರಾಣದ ಧಾರಾವಾಹಿ ಸೇರಿಸಿತು: 90 ಡಿಗ್ರಿ. ಮೂರನೆಯದು ಯೋಗ ಬಿಟ್ಟು ಉಳಿದೆಲ್ಲವನ್ನೂ ಹಾಕಿತು: 120 ಡಿಗ್ರಿ. ನಾಲ್ಕನೆಯ ಗುಂಪು ಯೋಗವನ್ನೂ ಬಿಡಲಿಲ್ಲ: 135 ಡಿಗ್ರಿ. ಶೇಕಡಾ ಲೆಕ್ಕ ಹಾಕಿಸಿದಾಗ ಕಡಿಮೆಯದು 16.7, ಹೆಚ್ಚಿನದು 37.5. ವೇಳಾಪಟ್ಟಿ ಒಂದೇ, ಒಂದು ನಿಮಿಷವೂ ಬದಲಾಗಿಲ್ಲ. ಲೆಕ್ಕದಲ್ಲಿ ಯಾರ ತಪ್ಪೂ ಇಲ್ಲ. ಆದರೂ ಪಾಲು ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಇದನ್ನು ನಾನು ಹೇಳಬೇಕಾಗಲಿಲ್ಲ, ಹಾಳೆಗಳನ್ನು ಒಂದರ ಪಕ್ಕ ಒಂದು ನೋಡುತ್ತಲೇ ಹಿಂದಿನ ಬೆಂಚಿನಿಂದ ಮಾತು ಬಂತು: "ಮೇಡಂ, ಇದರಾಗ ಯಾವುದು ಖರೇ?"

ಮೊದಲು ಜಗಳ ಹತ್ತಿದ್ದು ಜಾತ್ರೆಯ ಮೇಲೆ. "ಜಾತ್ರಿ ಧರ್ಮದ್ದಲ್ರೀ, ಊರಿಂದು. ಕುಸ್ತಿ ಇರ್ತದ, ಬೆಂಡು ಬತ್ತಾಸ ಇರ್ತದ, ದನದ ಸಂತಿ ಇರ್ತದ" ಎಂದ ಒಬ್ಬ. ಇನ್ನೊಬ್ಬಳ ಉತ್ತರ ನೇರವಾಗಿತ್ತು: "ಕಾರ್ಡಿನ್ಯಾಗ ಕುಸ್ತಿ ಅಂತ ಬರದಿಲ್ಲ, ತೇರು ಅಂತ ಬರದದ." ಶರಣಬಸವೇಶ್ವರರ ಜಾತ್ರೆಗೂ ಖ್ವಾಜಾ ಬಂದೇನವಾಜ್ ಉರುಸಿಗೂ ಎಲ್ಲ ಜಾತಿ ಧರ್ಮದವರೂ ಹೋಗುವ ಊರು ಕಲಬುರಗಿ. ಇಲ್ಲಿನ ಮಕ್ಕಳಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ವಚನದ ವಿಷಯವೂ ಹಾಗೆಯೇ. ಕನ್ನಡದ ಪಿರಿಯಡ್‌ನಲ್ಲಿ ಅದು ಸಾಹಿತ್ಯ, ಮನೆಯಲ್ಲಿ ಪೂಜೆಯ ಹೊತ್ತಿಗೆ ಹೇಳುವ ಮಾತು. ಒಂದೇ ವಚನ ಎರಡೂ ಕಡೆ ಇದೆ.

ಎರಡನೆಯ ಪಿರಿಯಡ್‌ಗೆ ಹೋಗುವ ಮೊದಲು ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮಕ್ಕಳಿಗೆ ಇದರಲ್ಲಿ ಹೇಳಿದ್ದು ನಾಲ್ಕಾರು ವಾಕ್ಯ ಮಾತ್ರ. ಆದರೆ ಈ ಪಾಠ ಮಾಡಲು ಹೊರಡುವ ಪ್ರಶಿಕ್ಷಣಾರ್ಥಿಗೆ ಅಷ್ಟು ಸಾಲದು.

ನಮ್ಮ ಭಾಗದ ಹಳ್ಳಿಗೆ ಟಿ.ವಿ. ಬಂದದ್ದು ಮೇಷ್ಟರಾಗಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಿಂದ ಅದರಲ್ಲಿದ್ದದ್ದು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಊರಿಗೆಲ್ಲ ಒಂದೇ ಪೆಟ್ಟಿಗೆ, ಸಾರ್ವಜನಿಕ ಜಾಗದಲ್ಲಿ. ನಮ್ಮ ಶಾಲೆಯ ಕೆಲವು ಮಕ್ಕಳ ಅಜ್ಜಂದಿರಿಗೆ ಈಗಲೂ ಆ ನೆನಪಿದೆ.

ಹನ್ನೆರಡು ವರ್ಷದ ನಂತರ, 1987ರ ಜನವರಿ 25ರಂದು, ಅದೇ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ 'ರಾಮಾಯಣ' ಶುರುವಾಯಿತು. 1988ರ ಜುಲೈವರೆಗೆ 78 ಕಂತು. ಭಾನುವಾರ ಬೆಳಿಗ್ಗೆ ರಸ್ತೆಗಳು ಖಾಲಿಯಾಗುತ್ತಿದ್ದವು. ಜನ ಸ್ನಾನ ಮಾಡಿ ಟಿ.ವಿ.ಗೆ ಹಾರ ಹಾಕಿ ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಸರ್ಕಾರಿ ಟಿ.ವಿ. ಯಾವುದೇ ಧರ್ಮದ ಪರವಾಗಿ ಕಾಣಿಸಿಕೊಳ್ಳದಿರುವ ಹಳೆಯ ರೂಢಿಯನ್ನು ಈ ಧಾರಾವಾಹಿ ಮುರಿಯಿತು ಎಂದು ಅರವಿಂದ ರಾಜಗೋಪಾಲ್ ತಮ್ಮ 2001ರ ಪುಸ್ತಕದಲ್ಲಿ ವಾದಿಸಿದ್ದಾರೆ. ಆ ವಾದ ಸರಿ ಎಂದೇ ಇಟ್ಟುಕೊಂಡರೂ, ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. 1988ರಲ್ಲಿ ಧಾರಾವಾಹಿ ಉತ್ತರಕಾಂಡದ ಕಥೆ ಹೇಳದೆ ಮುಗಿಯಲಿದೆ ಎಂದು ತಿಳಿದಾಗ ಜಲಂಧರ್ ಮತ್ತು ಉತ್ತರದ ಇನ್ನೂ ಕೆಲವು ಊರುಗಳಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಬಹಳಷ್ಟು ಮಂದಿ ವಾಲ್ಮೀಕಿಯನ್ನು ಗುರುವೆಂದು ಪೂಜಿಸುವ ಸಮುದಾಯದವರು. ಲವಕುಶರ ಕಥೆ, ಎಂದರೆ ವಾಲ್ಮೀಕಿಯ ಆಶ್ರಮದ ಕಥೆ, ತೆರೆಗೆ ಬರಬೇಕೆಂಬುದು ಅವರ ಬೇಡಿಕೆ. ಮುಂದೆ ಉತ್ತರ ರಾಮಾಯಣ ಪ್ರಸಾರವಾಯಿತು. ಸಾರ್ವಜನಿಕ ಟಿ.ವಿ.ಯಲ್ಲಿ ತಮ್ಮ ಗುರುವಿಗೆ ಜಾಗ ಕೇಳಿ ಕಸಪೊರಕೆ ಕೆಳಗಿಟ್ಟವರ ಈ ಪ್ರಸಂಗ ನನಗೆ ಬಹಳ ಹಿಡಿಸಿತು. ಖಾಸಗಿ ವಾಹಿನಿಯಾಗಿದ್ದರೆ ಅವರು ಸರ್ಕಾರವನ್ನು ಕೇಳುತ್ತಿರಲಿಲ್ಲ. ಎಲ್ಲರದ್ದು ಎಂದಮೇಲೆ ಎಲ್ಲರೂ ಕೇಳುತ್ತಾರೆ.

ಆಮೇಲೆ ಬಂದ ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ಕ್ಕೆ (1988ರ ಅಕ್ಟೋಬರ್‌ನಿಂದ 1990ರ ಜೂನ್, 94 ಕಂತು) ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಆಮೇಲೆ ಯಾರೋ ಮೆಲ್ಲಗೆ "ಖರೇನ್ರೀ?" ಎಂದರು.

ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಕಲಂ ನಿಗಮದ ಉದ್ದೇಶಗಳನ್ನು ಹೇಳುತ್ತದೆ: ದೇಶದ ಏಕತೆ ಮತ್ತು ಸಂವಿಧಾನದ ಮೌಲ್ಯಗಳನ್ನು ಎತ್ತಿಹಿಡಿಯುವುದು, ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಜಾಗ ಕೊಡುವುದು, ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನಕ್ಕೆ ವಿಶೇಷ ಗಮನ, ಅಸ್ಪೃಶ್ಯತೆಯಂಥ ಪಿಡುಗುಗಳ ವಿರುದ್ಧ ಹೋರಾಟ. ಸಂಸ್ಕೃತಿ ಎಂಬ ಒಂದು ಪದದ ಬಾಗಿಲಿನಿಂದ ಎಷ್ಟು ಧರ್ಮ ಒಳಗೆ ಬರಬಹುದು ಎಂಬುದೇ ನಮ್ಮ ಜಾತ್ರೆಯ ಕಾರ್ಡಿನ ಜಗಳ.

ಶಿಕ್ಷಕರಾಗುವ ನಮಗೆ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಗೊತ್ತಿದೆ. ಸಂವಿಧಾನದ 28(1)ನೇ ವಿಧಿಯಂತೆ ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು. ಹಾಗಾದರೆ ಬುದ್ಧ, ಬಸವ, ಕಬೀರರ ಪಾಠ ಮಾಡುವುದು ಹೇಗೆ? 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಒಂದು ಧರ್ಮದ ಆಚರಣೆ, ನಂಬಿಕೆಗಳನ್ನು ಪಾಲಿಸುವಂತೆ ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ. ಬಿ.ಇಡಿ. ಪಠ್ಯದಲ್ಲಿ ನಾವು ಇದನ್ನು ಓದಿ ಪರೀಕ್ಷೆ ಬರೆದು ಮರೆಯುತ್ತೇವೆ. ಟಿ.ವಿ. ವೇಳಾಪಟ್ಟಿಯ ಮೇಲೆ ಇದನ್ನು ಇಟ್ಟು ನೋಡಿದಾಗ ಗೆರೆ ಎಲ್ಲಿ ಗಟ್ಟಿ, ಎಲ್ಲಿ ಮಸುಕು ಎಂಬುದು ಕಾಣುತ್ತದೆ.

ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಈ ವಿಷಯದಲ್ಲಿ ಒಂದು ವ್ಯಾಖ್ಯೆಯನ್ನೇ ಇಟ್ಟುಕೊಂಡಿದೆ. ಧರ್ಮದ ವಿಷಯ ಕೇಂದ್ರವಾಗಿರುವ ಅಥವಾ ಗಣನೀಯ ಭಾಗವಾಗಿರುವ ಕಾರ್ಯಕ್ರಮ ಧಾರ್ಮಿಕ ಕಾರ್ಯಕ್ರಮ. ವ್ಯಾಖ್ಯೆ ಇರುವುದು ಒಳ್ಳೆಯದೇ. ಆದರೆ ಇದರ ಪ್ರಕಾರ 1961ರಿಂದ ಬಿಬಿಸಿಯಲ್ಲಿ ಬರುತ್ತಿರುವ ಸ್ತುತಿಗೀತೆಗಳ 'ಸಾಂಗ್ಸ್ ಆಫ್ ಪ್ರೇಸ್' ಮತ್ತು ಚರ್ಚಿನ ಇತಿಹಾಸದ ಒಂದು ವಿಮರ್ಶಾತ್ಮಕ ಸಾಕ್ಷ್ಯಚಿತ್ರ ಎರಡೂ ಒಂದೇ ಬುಟ್ಟಿಗೆ ಬೀಳುತ್ತವೆ. ನಮ್ಮ ಮೂರನೆಯ ಗುಂಪು ಮಾಡಿದ್ದೂ ಇದನ್ನೇ.

ಎರಡನೆಯ ಪಿರಿಯಡ್‌ನಲ್ಲಿ ಹೊಸ ಪ್ರಶ್ನೆ ಕೊಟ್ಟೆ. ಈ ಕಾರ್ಯಕ್ರಮ ನೋಡುವವರಿಂದ ಏನು ಕೇಳುತ್ತದೆ? ಕೈ ಮುಗಿ ಎನ್ನುತ್ತದೆಯೋ, ತಿಳಿದುಕೋ ಎನ್ನುತ್ತದೆಯೋ? ಧಾರ್ಮಿಕ ಎನ್ನುವ ಒಂದು ಹೋಳನ್ನು ಆರಾಧನೆ, ಅರಿವು, ಎರಡೂ ಎಂದು ಮೂರು ಮಾಡಿ ಬರೆಯಬೇಕು. ಈ ಸಲ ಇಡೀ ತರಗತಿ ಸೇರಿ ಒಂದೇ ನಕ್ಷೆ ಬರೆಯಿತು. ಭಕ್ತಿಗೀತೆ ಮತ್ತು ತೇರಿನ ನೇರಪ್ರಸಾರ ಆರಾಧನೆಗೆ, 60 ಡಿಗ್ರಿ. ವಾಸ್ತುಶಿಲ್ಪದ ಸಾಕ್ಷ್ಯಚಿತ್ರ ಅರಿವಿಗೆ, 15. ವಚನ, ದಾಸರ ಪದ ಮತ್ತು ಪುರಾಣದ ಧಾರಾವಾಹಿ ಎರಡಕ್ಕೂ, 45. ಯೋಗ ಕೈ ಎತ್ತಿಸಿದ ಮತದಲ್ಲಿ ಆರೋಗ್ಯದ ಹೋಳಿಗೆ ಹೋಯಿತು. ನಾಲ್ಕನೆಯ ಗುಂಪು ಕೊನೆಯವರೆಗೂ ಒಪ್ಪಲಿಲ್ಲ.

ಹೀಗೆ ಒಡೆದದ್ದರಿಂದ ಒಂದು ಮುಖ್ಯ ವಿಷಯ ಬೆಳಕಿಗೆ ಬಂತು ಎಂದು ನನಗೆ ಅನಿಸುತ್ತದೆ. ಅರಿವಿನ ಕಾರ್ಯಕ್ರಮವನ್ನು ಅಳೆಯಬೇಕಾದದ್ದು ನಿಮಿಷದಿಂದಲ್ಲ. ಅದರಲ್ಲಿ ಹೇಳಿದ್ದು ನಿಜವೇ, ಬೇರೆ ಅಭಿಪ್ರಾಯಗಳಿಗೆ ಜಾಗ ಇದೆಯೇ ಎಂದು ಕೇಳಬೇಕು. ಬಸದಿಯ ಬಗ್ಗೆ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಎಲ್ಲರಿಗೂ ಸೇರಿದ್ದು. ಆರಾಧನೆಯ ಕಾರ್ಯಕ್ರಮವನ್ನು ಹಾಗೆ ನಿಜ ಸುಳ್ಳು ಎಂದು ಪರೀಕ್ಷಿಸಲು ಬರುವುದಿಲ್ಲ, ಪರೀಕ್ಷಿಸಲೂಬಾರದು. ಅಲ್ಲಿ ಕೇಳಬೇಕಾದದ್ದು ಪಾಲಿನ ಪ್ರಶ್ನೆ: ಯಾರ ಆರಾಧನೆಗೆ ಎಷ್ಟು ಹೊತ್ತು? ಎರಡನ್ನೂ ಒಂದೇ ಹೋಳಿನಲ್ಲಿಟ್ಟರೆ, ಧರ್ಮ ಜಾಸ್ತಿಯಾಯಿತು ಎನ್ನುವವರೂ ಕಡಿಮೆಯಾಯಿತು ಎನ್ನುವವರೂ ತಪ್ಪು ಅಳತೆಗೋಲು ಹಿಡಿದು ವಾದಿಸುತ್ತಿರುತ್ತಾರೆ.

ಇದನ್ನು ಇಂದಿನ ದೂರದರ್ಶನಕ್ಕೆ ಹಚ್ಚಿ ನೋಡಬಹುದು (ತರಗತಿಯಲ್ಲಿ ಹಚ್ಚಲಿಲ್ಲ, ಸ್ಟಾಫ್ ರೂಮಿನ ಚರ್ಚೆಯಲ್ಲಿ ಹಚ್ಚಿದೆವು). 2024ರ ಜನವರಿ 22ರಂದು ಅಯೋಧ್ಯೆಯ ಪ್ರಾಣಪ್ರತಿಷ್ಠೆಯನ್ನು ದೂರದರ್ಶನ ನೇರಪ್ರಸಾರ ಮಾಡಿತು. ಆ ಮಾರ್ಚ್‌ನಲ್ಲಿ ಅಲ್ಲಿನ ಬೆಳಗಿನ ಆರತಿಯನ್ನು ಪ್ರತಿದಿನ ತೋರಿಸುವುದಾಗಿ ಪ್ರಕಟಿಸಿತು. ಮೊದಲನೆಯದು ದೇಶವೆಲ್ಲ ಗಮನಿಸುತ್ತಿದ್ದ ಘಟನೆ. ಸುದ್ದಿಯಾಗಿ ಅದನ್ನು ಯಾವ ಸಾರ್ವಜನಿಕ ವಾಹಿನಿಯೂ ಬಿಡಲಾಗದು. ಎರಡನೆಯದು ದಿನನಿತ್ಯದ ಆರಾಧನೆ. ಅದಕ್ಕೆ ಪಾಲಿನ ಪ್ರಶ್ನೆ ಅನ್ವಯಿಸಲೇಬೇಕು ಎಂಬುದು ನನ್ನ ಅಭಿಪ್ರಾಯ: ಒಂದು ಕ್ಷೇತ್ರಕ್ಕೆ ನಿತ್ಯದ ಹೊತ್ತು ಕೊಟ್ಟ ಮೇಲೆ ಉಳಿದವರ ಪ್ರಾರ್ಥನೆಗೆ ಕ್ಯಾಲೆಂಡರಿನಲ್ಲಿ ಎಲ್ಲಿ ಜಾಗ ಎಂದು ಹೇಳಬೇಕಾಗುತ್ತದೆ. ಮಾರ್ಗದರ್ಶಿ ಶಿಕ್ಷಕಿಯವರು ಇದನ್ನು ಒಪ್ಪಲಿಲ್ಲ. ಬಹುಪಾಲು ನೋಡುಗರು ಬಯಸುವುದನ್ನು ಕೊಡುವುದೂ ಸಾರ್ವಜನಿಕ ಸೇವೆಯೇ ಎಂದರು. 2020ರ ಲಾಕ್‌ಡೌನಿನಲ್ಲಿ 'ರಾಮಾಯಣ' ಮರುಪ್ರಸಾರವಾದಾಗ ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡದ್ದನ್ನೂ ನೆನಪಿಸಿದರು. ಅದೇ ವರ್ಷ ಜುಲೈನಿಂದ ಚಂದನ ವಾಹಿನಿಯಲ್ಲಿ ನಮ್ಮ ಶಾಲಾ ಮಕ್ಕಳಿಗೆ ಪಾಠಗಳು ಬಂದವು ಎಂದು ನಾನು ನೆನಪಿಸಿದೆ. ಎರಡೂ ಆ ಸಂಸ್ಥೆಯ ಕೆಲಸವೇ ಎಂಬಲ್ಲಿಗೆ ಮಾತು ನಿಂತಿತು, ಚಹಾ ಬಂತು.

ಆರಾಧನೆಯ ಹೋಳನ್ನು ಪೂರ್ತಿ ತೆಗೆದುಬಿಡಬಹುದಲ್ಲ ಎಂದು ತರಗತಿಯಲ್ಲೇ ಒಬ್ಬ ಕೇಳಿದ. ಅವನಿಗೆ ಉತ್ತರ ಕೊಟ್ಟದ್ದು ಕಿಟಕಿಯ ಪಕ್ಕದ ಹುಡುಗಿ. "ನಮ್ಮಜ್ಜಿ ಹಾಸಿಗಿ ಹಿಡದಾಳ. ಗುಡಿಗಿ ಹೋಗಾಕ ಆಗಂಗಿಲ್ಲ. ಟಿವ್ಯಾಗ ನೋಡಿ ಕೈ ಮುಗೀತಾಳ." ಮನೆ ಬಿಟ್ಟು ಹೋಗಲಾರದವರ ಸಲುವಾಗಿ ಇಂಥ ಕಾರ್ಯಕ್ರಮ ಬೇಕು ಎಂಬ ವಾದ ದೇಶದೇಶಗಳಲ್ಲಿದೆ. ಅದನ್ನು ನಾನು ಹೇಳಿದ್ದರೆ ಈ ತೂಕ ಬರುತ್ತಿರಲಿಲ್ಲ.

ಆಮೇಲೆ ಖಾಲಿ ಕಾರ್ಡುಗಳನ್ನು ಹಂಚಿದೆ. ಗುಂಪಿಗೆ ಎರಡು, ಒಂದೊಂದಕ್ಕೆ 30 ನಿಮಿಷ. ಈ ವಾಹಿನಿಯಲ್ಲಿ ಇರಬೇಕಾದ, ಆದರೆ ಇಲ್ಲದ ಕಾರ್ಯಕ್ರಮ ಬರೆಯಿರಿ; ಧರ್ಮದ್ದೇ ಆಗಬೇಕೆಂದಿಲ್ಲ. ಷರತ್ತು ಒಂದೇ: ಒಟ್ಟು 720 ನಿಮಿಷ ಮೀರಬಾರದು, ಆದ್ದರಿಂದ ಹಾಕಿದಷ್ಟನ್ನು ಬೇರೆ ಯಾವುದರಿಂದಲಾದರೂ ಕಳೆಯಬೇಕು. ಬಂದ ಕಾರ್ಡುಗಳಲ್ಲಿ ಬಂದೇನವಾಜ್ ಉರುಸು ಇತ್ತು, ಬುದ್ಧ ಪೂರ್ಣಿಮೆ ಇತ್ತು, ಕ್ರಿಸ್‌ಮಸ್ ರಾತ್ರಿಯ ಪ್ರಾರ್ಥನೆ ಇತ್ತು, ಮಹಿಳಾ ಕಬಡ್ಡಿ ಇತ್ತು, ಬಂಜಾರಾ ಹಾಡು ಇತ್ತು. ಒಂದರಲ್ಲಿ "ದೇವರಿಲ್ಲ ಅನ್ನೋರ ಮಾತು" ಎಂದು ಬರೆದಿತ್ತು. ಬ್ರಿಟನ್ನಿನ ನಾಸ್ತಿಕರು ಬಿಬಿಸಿ ರೇಡಿಯೋದ ಬೆಳಗಿನ ಚಿಂತನದಲ್ಲಿ ತಮಗೆ ಜಾಗವಿಲ್ಲ ಎಂದು ದಶಕಗಳಿಂದ ದೂರುತ್ತಿದ್ದಾರೆ; ಅದನ್ನು ಕೇಳಿಯೇ ಇರದ ಎಂಟನೇ ತರಗತಿಯ ಹುಡುಗನಿಗೂ ಅದು ಹೊಳೆದಿತ್ತು.

ನಿಜವಾದ ಚರ್ಚೆ ಕಳೆಯುವಾಗ ನಡೆಯಿತು. ಒಂದು ಗುಂಪು ಶಾಲಾ ಪಾಠದಿಂದಲೇ 60 ನಿಮಿಷ ಕಿತ್ತಿತು, ಎಲ್ಲರೂ ನಕ್ಕರು. ಇನ್ನೊಂದು ಚಿತ್ರಗೀತೆಗೆ ಕತ್ತರಿ ಹಾಕಿತು. ಜಾತ್ರೆ ಊರಿನದು ಎಂದು ವಾದಿಸಿದ್ದ ಹುಡುಗನ ಗುಂಪು, ಒಳಗೊಳಗೇ ಬಹಳ ಹೊತ್ತು ಗುಸುಗುಸು ಮಾಡಿ, ತೇರಿನ 90ರಲ್ಲಿ 30 ನಿಮಿಷ ತೆಗೆದು ಉರುಸಿಗೆ ಕೊಟ್ಟಿತು. ಆರಾಧನೆಯ ಹೋಳು 60 ಡಿಗ್ರಿಯೇ ಉಳಿಯಿತು, ಒಳಗಿನ ಹಂಚಿಕೆ ಬದಲಾಯಿತು. ಆ ಗುಂಪು ಪಕ್ಕದಲ್ಲಿ ಬರೆದ ವಾಕ್ಯ: "ತೇರು ಎಳಿಯೋದು ತೋರ್ಸಾಕ ಒಂದು ತಾಸು ಸಾಕು."

ಸಹಪಾಠಿ ವೀಕ್ಷಕರೊಬ್ಬರು ತಮ್ಮ ಟಿಪ್ಪಣಿಯಲ್ಲಿ ಇದು ಸಮಾಜ ವಿಜ್ಞಾನದ ಪಾಠವಾಯಿತು, ಗಣಿತ ಹಿಂದೆ ಬಿತ್ತು ಎಂದು ಬರೆದಿದ್ದಾರೆ. ಲೆಕ್ಕ ಇಟ್ಟು ನೋಡಿದರೆ ಎರಡು ಪಿರಿಯಡ್‌ನಲ್ಲಿ ಪ್ರತಿ ಗುಂಪೂ ಮೂರು ಪೈ ನಕ್ಷೆಗಳ ಕೋನ ಲೆಕ್ಕ ಹಾಕಿದೆ: ಮೊದಲನೆಯದು, ತರಗತಿಯದು, ಖಾಲಿ ಕಾರ್ಡಿನ ನಂತರದ್ದು. ಮೂರು ಸಲ ಅದೇ ದತ್ತಾಂಶಕ್ಕೆ ಮರಳಿದ್ದರಿಂದ ನಿಮಿಷದಿಂದ ಡಿಗ್ರಿಗೆ, ಡಿಗ್ರಿಯಿಂದ ಶೇಕಡಕ್ಕೆ ಹೋಗುವುದು ಬಾಯಿಲೆಕ್ಕದಲ್ಲೇ ಬಂದಿತ್ತು.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ ಕೊಟ್ಟೆ. ಮೊದಲನೆಯದು ಸಾಮಾನ್ಯ ಲೆಕ್ಕ. ಎರಡನೆಯದು ಹೀಗಿತ್ತು: "ಒಂದು ವಾಹಿನಿಯಲ್ಲಿ ಶೇ. 25 ಧಾರ್ಮಿಕ ಕಾರ್ಯಕ್ರಮ ಎಂದು ಪತ್ರಿಕೆಯಲ್ಲಿ ಬಂದಿದೆ. ಈ ಅಂಕಿ ನಂಬುವ ಮೊದಲು ನೀವು ಕೇಳುವ ಎರಡು ಪ್ರಶ್ನೆ ಬರೆಯಿರಿ." ಹೆಚ್ಚಿನವರ ಮೊದಲ ಪ್ರಶ್ನೆ "ಯಾವುದನ್ನು ಧಾರ್ಮಿಕ ಎಂದು ಹಿಡಿದಿದ್ದಾರೆ?" ಎಂಬುದು. ಎರಡನೆಯದರಲ್ಲಿ ವೈವಿಧ್ಯವಿತ್ತು: ಎಷ್ಟು ದಿನದ್ದು, ಹಬ್ಬದ ತಿಂಗಳದ್ದೋ ಬೇರೆಯದೋ, ಎಣಿಸಿದವರು ಯಾರು, ಮತ್ತು ಮೂರು ಉತ್ತರಪತ್ರಿಕೆಗಳಲ್ಲಿ, ಯಾರ ಧರ್ಮದ್ದು.

ಈ ಪಾಠವನ್ನು ಬಳಸಬಯಸುವ ಮಿತ್ರರಿಗೆ ಒಂದೆರಡು ಮಾತು. ಕಾರ್ಡುಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಕರಾವಳಿಯಲ್ಲಿ ಯಕ್ಷಗಾನದ ಕಾರ್ಡು ಇಟ್ಟರೆ ವಚನಕ್ಕಿಂತ ದೊಡ್ಡ ಚರ್ಚೆಯಾದೀತು. ಹನ್ನೆರಡು ಗಂಟೆಯ ಬದಲು ಹದಿನೆಂಟು ಗಂಟೆ ತೆಗೆದುಕೊಂಡರೆ ಒಂದು ಡಿಗ್ರಿಗೆ ಮೂರು ನಿಮಿಷ, ಇಪ್ಪತ್ತನಾಲ್ಕು ಗಂಟೆಗೆ ನಾಲ್ಕು ನಿಮಿಷ. ಕಾರ್ಯಕ್ರಮಗಳ ಅವಧಿಯನ್ನು ಅದಕ್ಕೆ ಹೊಂದಿಸಿ ಇಡಿ. ಖಾಲಿ ಕಾರ್ಡಿನ ಚಟುವಟಿಕೆಗೆ ಕನಿಷ್ಠ ಹದಿನೈದು ನಿಮಿಷ ಬೇಕು, ಅದನ್ನು ಪಿರಿಯಡ್ಡಿನ ಕೊನೆಗೆ ತಳ್ಳಬೇಡಿ.